ಲೇಸರ್ ಫ್ಯೂಷನ್‌ನ ನ್ಯೂಟ್ರಾನ್: ಹುಟ್ಟಿಸುವುದು ಹೇಗೆ, ಎಣಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಡಿಸೆಂಬರ್ 5ರ ನಡುರಾತ್ರಿ ಕಳೆದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳು ಸೇರಿ ಸಾಸಿವೆ ಕಾಳಿನಷ್ಟು ದೊಡ್ಡ ಉಂಡೆಯೊಂದನ್ನು ಹಿಂಡಿದವು. 2.05 ಮೆಗಾಜೂಲ್ ಬೆಳಕು ಒಳಗೆ ಹೋಯಿತು, 3.15 ಮೆಗಾಜೂಲ್ ಶಕ್ತಿ ಹೊರಗೆ ಬಂತು. ಪೇಪರ್‌ಗಳೆಲ್ಲ ಈ ಎರಡು ಅಂಕಿಗಳನ್ನು ಬರೆದವು. ಆದರೆ 3.15 ಎಂಬ ಅಂಕಿ ಎಲ್ಲಿಂದ ಬಂತು? ಅದನ್ನು ಯಾವ ಮೀಟರೂ ನೇರವಾಗಿ ತೋರಿಸಲಿಲ್ಲ. ನ್ಯೂಟ್ರಾನ್‌ಗಳನ್ನು ಎಣಿಸಿದರು, ಗುಣಿಸಿದರು, ಆ ಅಂಕಿ ಬಂತು. ಅಂದರೆ ಆ ದೊಡ್ಡ ಸುದ್ದಿ ನಿಂತಿದ್ದು ಒಂದು ಎಣಿಕೆಯ ಮೇಲೆ.

ಈ ಎಣಿಕೆಯ ಬಗ್ಗೆ ಕನ್ನಡದಲ್ಲಿ ಓದಲು ಜಾಸ್ತಿ ಸಿಗುವುದಿಲ್ಲ. ಕಾಲೇಜು ಹುಡುಗ ಹುಡುಗಿಯರು, ವಿಜ್ಞಾನದಲ್ಲಿ ಆಸಕ್ತಿ ಇರುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಎಲ್ಲ ಬಿಟ್ಟು ನ್ಯೂಟ್ರಾನನ್ನೇ ಏಕೆ ಎಣಿಸುತ್ತಾರೆ?

ಡ್ಯೂಟೀರಿಯಂ ಮತ್ತು ಟ್ರಿಟಿಯಂ ಎರಡೂ ಹೈಡ್ರೋಜನ್ನಿನ ಅಣ್ಣತಮ್ಮಂದಿರು. ಇವೆರಡರ ಬೀಜಗಳು (ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್) ಬೆಸೆದುಕೊಂಡಾಗ, ಅಂದರೆ ಫ್ಯೂಷನ್ ಆದಾಗ, ಒಂದು ಹೀಲಿಯಂ ಬೀಜ ಮತ್ತು ಒಂದು ನ್ಯೂಟ್ರಾನ್ ಹುಟ್ಟುತ್ತವೆ. ಒಟ್ಟು 17.6 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಿಗುತ್ತದೆ. ಅದರಲ್ಲಿ 14.1 ನ್ಯೂಟ್ರಾನಿನ ಪಾಲು, 3.5 ಹೀಲಿಯಂ ಪಾಲು. (ಇನ್ನು ಮುಂದೆ ಮಿಲಿಯನ್ ಎಲೆಕ್ಟ್ರಾನ್‌ವೋಲ್ಟನ್ನು ಎಂಇವಿ ಅಂತ ಬರೆಯುತ್ತೇನೆ.)

ಹೀಲಿಯಂ ಬೀಜಕ್ಕೆ ಚಾರ್ಜ್ ಇದೆ. ಅದು ಸುತ್ತಲಿನ ಇಂಧನಕ್ಕೆ ಡಿಕ್ಕಿ ಹೊಡೆಯುತ್ತಾ ಅಲ್ಲೇ ನಿಂತುಬಿಡುತ್ತದೆ. ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲ. ಬಹುತೇಕ ನ್ಯೂಟ್ರಾನ್‌ಗಳು ಇಂಧನ, ಡಬ್ಬಿ, ಗೋಡೆ ಎಲ್ಲ ದಾಟಿ ಹೊರಗೆ ಬರುತ್ತವೆ. ಒಂದು ಬೆಸುಗೆಗೆ ಒಂದು ನ್ಯೂಟ್ರಾನ್. ಆದ್ದರಿಂದ ನ್ಯೂಟ್ರಾನ್ ಎಣಿಸಿದರೆ ಎಷ್ಟು ಬೆಸುಗೆ ನಡೆಯಿತು ಅಂತ ಗೊತ್ತಾಗುತ್ತದೆ. ಒಳಗೆ ನಡೆದದ್ದನ್ನು ಹೊರಗೆ ಬಂದು ಹೇಳುವ ಸಾಕ್ಷಿ ಅದು.

ಬೆಳಕಿನಿಂದ ನ್ಯೂಟ್ರಾನ್ ಹೇಗೆ ಬರುತ್ತದೆ? ಬೆಳಕು ಬರೀ ಬಿಸಿ ಮಾಡುತ್ತೆ ಅಲ್ವಾ?

ಬಿಸಿ ಮಾಡುವುದೇ ಕೆಲಸ. ಎರಡು ಬೀಜಗಳಿಗೂ ಪ್ಲಸ್ ಚಾರ್ಜ್ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಕೋಟಿಗಟ್ಟಲೆ ಡಿಗ್ರಿ ಬಿಸಿಯಲ್ಲಿ ಮಾತ್ರ ಅವು ಸಾಕಷ್ಟು ಜೋರಾಗಿ ಓಡಿ, ಮುಟ್ಟುವಷ್ಟು ಹತ್ತಿರ ಬರುತ್ತವೆ. ಆದರೆ ಬಿಸಿ ಒಂದೇ ಸಾಲದು. ಒತ್ತಾಗಿ ಹಿಂಡಿರಬೇಕು, ಇಲ್ಲದಿದ್ದರೆ ಬೀಜಗಳು ಭೇಟಿಯಾಗುವ ಮೊದಲೇ ಎಲ್ಲ ಚೆದುರಿಹೋಗುತ್ತದೆ.

ಲಿವರ್‌ಮೋರ್‌ನ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ (ಚಿಕ್ಕದಾಗಿ ಎನ್‌ಐಎಫ್) ಲೇಸರ್ ಬೆಳಕು ನೇರವಾಗಿ ಉಂಡೆಗೆ ಬೀಳುವುದಿಲ್ಲ. ಸುಮಾರು 1 ಸೆಂಟಿಮೀಟರ್ ಉದ್ದದ ಒಂದು ಲೋಹದ ಡಬ್ಬಿ ಇರುತ್ತದೆ. ಅದರ ಎರಡೂ ತುದಿಗೆ ತೂತು. ಆ ತೂತುಗಳ ಮೂಲಕ ಬೆಳಕು ಒಳಗೋಡೆಗೆ ಬಡಿಯುತ್ತದೆ. ಗೋಡೆ ಕಾದು ಎಕ್ಸ್-ರೇ ಚೆಲ್ಲುತ್ತದೆ. ಡಬ್ಬಿಯ ನಡುವೆ ಸುಮಾರು 2 ಮಿಲಿಮೀಟರ್ ಅಗಲದ ಉಂಡೆ. ಅದರ ಚಿಪ್ಪು ವಜ್ರದ್ದು, ಒಳಗೋಡೆಗೆ ಡ್ಯೂಟೀರಿಯಂ-ಟ್ರಿಟಿಯಂ ಮಂಜುಗಡ್ಡೆಯ ಪದರ. ಎಕ್ಸ್-ರೇ ಬಿದ್ದಾಗ ಚಿಪ್ಪಿನ ಹೊರಮೈ ಆವಿಯಾಗಿ ಹೊರಗೆ ಚಿಮ್ಮುತ್ತದೆ. ದೀಪಾವಳಿ ರಾಕೆಟ್‌ನ ಬೆಂಕಿ ಕೆಳಗೆ ಚಿಮ್ಮಿದಾಗ ರಾಕೆಟ್ ಮೇಲೆ ಹೋಗುತ್ತದಲ್ಲ, ಹಾಗೆ ಇಲ್ಲಿ ಹೊರಮೈ ಹೊರಗೆ ಚಿಮ್ಮಿದಾಗ ಒಳಗಿನ ಇಂಧನ ಕೇಂದ್ರದತ್ತ ನುಗ್ಗುತ್ತದೆ. ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಎಲ್ಲ ಕಡೆಯಿಂದ ನುಗ್ಗಿದ್ದು ನಡುವೆ ಬಂದು ನಿಂತಾಗ ಕೇಂದ್ರದಲ್ಲಿ ಒಂದು ಬಿಸಿ ಚುಕ್ಕೆ ಹುಟ್ಟುತ್ತದೆ. ನ್ಯೂಟ್ರಾನ್‌ಗಳು ಬರುವುದು ಅಲ್ಲಿಂದ.

ಬೆಸುಗೆ ನಡೆಯುವುದು ಸೆಕೆಂಡಿನ ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಬೆಳಕೇ 3 ಸೆಂಟಿಮೀಟರ್ ಮಾತ್ರ ಹೋಗುತ್ತದೆ. ನ್ಯೂಟ್ರಾನ್ ಅರ್ಧ ಸೆಂಟಿಮೀಟರ್. ಅಂದರೆ ಹುಟ್ಟಿದ ಅಷ್ಟೂ ನ್ಯೂಟ್ರಾನ್‌ಗಳು ಮೊದಲು ಅರ್ಧ ಸೆಂಟಿಮೀಟರ್ ದಪ್ಪದ ಒಂದು ಪೊರೆಯಾಗಿ, ಊದುವ ಬಲೂನಿನ ಹಾಗೆ ಎಲ್ಲ ದಿಕ್ಕಿಗೂ ಹರಡುತ್ತವೆ. ಈ ಚಿತ್ರ ತಲೆಯಲ್ಲಿ ಇರಲಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ರೋಚೆಸ್ಟರ್‌ನಲ್ಲಿರುವ ಒಮೆಗಾ ಲೇಸರ್‌ನಲ್ಲಿ ಸಾಮಾನ್ಯವಾಗಿ ಡಬ್ಬಿ ಇಲ್ಲದೆ, 60 ಕಿರಣಗಳನ್ನು ನೇರವಾಗಿ ಉಂಡೆಯ ಮೇಲೇ ಬಿಡುತ್ತಾರೆ.

ಟ್ರಿಟಿಯಂ ಇಲ್ಲದೆ ಆಗುವುದಿಲ್ಲವಾ?

ಆಗುತ್ತದೆ. ಬರೀ ಡ್ಯೂಟೀರಿಯಂ ಬಳಸಬಹುದು. ಆಗ ಹೆಚ್ಚುಕಡಿಮೆ ಅರ್ಧ ಸಲ ನ್ಯೂಟ್ರಾನ್ ಹುಟ್ಟುತ್ತದೆ, ಉಳಿದರ್ಧ ಸಲ ಪ್ರೋಟಾನ್. ಈ ನ್ಯೂಟ್ರಾನಿನ ಶಕ್ತಿ 2.45 ಎಂಇವಿ. ಆದರೆ ಅದೇ ಬಿಸಿಯಲ್ಲಿ ಬೆಸುಗೆಗಳ ಸಂಖ್ಯೆ ತುಂಬಾ ಕಡಿಮೆ. ಟ್ರಿಟಿಯಂ ವಿಕಿರಣ ಸೂಸುತ್ತದೆ, 12.3 ವರ್ಷದಲ್ಲಿ ಅರ್ಧ ಆಗುತ್ತದೆ, ಅದನ್ನು ಇಟ್ಟುಕೊಳ್ಳಲು ಬೇರೆಯೇ ವ್ಯವಸ್ಥೆ ಬೇಕು. ಹಾಗಾಗಿ ಚಿಕ್ಕ ಲ್ಯಾಬ್‌ಗಳು ಡ್ಯೂಟೀರಿಯಂನಲ್ಲೇ ಕೆಲಸ ಮಾಡುತ್ತವೆ.

ಒಂದು ಶಾಟ್‌ನಲ್ಲಿ ಎಷ್ಟು ನ್ಯೂಟ್ರಾನ್ ಬರುತ್ತವೆ?

ಶಾಟ್ ಎಂದರೆ ಲೇಸರನ್ನು ಒಂದು ಸಲ ಹೊಡೆಯುವುದು. ಈ ಪ್ರಶ್ನೆಯ ಉತ್ತರದಲ್ಲೇ ಈ ಕ್ಷೇತ್ರದ ಚರಿತ್ರೆ ಇದೆ. 1968ರಲ್ಲಿ ಮಾಸ್ಕೋದ ಲೆಬೆಡೆವ್ ಸಂಸ್ಥೆಯಲ್ಲಿ ನಿಕೊಲಾಯ್ ಬಾಸೊವ್ ಅವರ ತಂಡ ಲಿಥಿಯಂ ಡ್ಯೂಟರೈಡ್ ಮೇಲೆ ಲೇಸರ್ ಬಿಟ್ಟಿತು. ಬೆರಳಲ್ಲಿ ಎಣಿಸುವಷ್ಟು ನ್ಯೂಟ್ರಾನ್ ಕಂಡವು. 1974ರ ಮೇ 1ರಂದು ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಕೆಎಂಎಸ್ ಫ್ಯೂಷನ್ ಎಂಬ ಖಾಸಗಿ ಕಂಪನಿ, ಲೇಸರ್‌ನಿಂದ ಹಿಂಡಿದ ಉಂಡೆಯಿಂದ ನ್ಯೂಟ್ರಾನ್ ಪಡೆಯಿತು. ಸರ್ಕಾರಿ ಲ್ಯಾಬ್‌ಗಳಿಗಿಂತ ಮೊದಲು. 1986ರಲ್ಲಿ ಜಪಾನಿನ ಒಸಾಕಾದ ಗೆಕ್ಕೊ ಲೇಸರ್ 10 ಲಕ್ಷ ಕೋಟಿ ಮುಟ್ಟಿತು. ಒಮೆಗಾದಲ್ಲಿ ಈಗ ಒಳ್ಳೆಯ ಶಾಟ್ ಎಂದರೆ ಒಂದು ಕೋಟಿ ಕೋಟಿ, ಅಂದರೆ 1ರ ಮುಂದೆ 14 ಸೊನ್ನೆ. 2022ರ ಡಿಸೆಂಬರ್‌ನ ಶಾಟ್‌ನಲ್ಲಿ ಬಂದದ್ದು 1ರ ಮುಂದೆ 18 ಸೊನ್ನೆಗಿಂತ ಸ್ವಲ್ಪ ಜಾಸ್ತಿ.

ಐವತ್ತು ಚಿಲ್ಲರೆ ವರ್ಷಗಳಲ್ಲಿ ಬೆರಳೆಣಿಕೆಯಿಂದ ಇಲ್ಲಿಗೆ. ಬೇರೆ ಯಾವುದೇ ಅಳತೆಯಲ್ಲಿ ಮನುಷ್ಯರು ಇಷ್ಟು ಸೊನ್ನೆಗಳನ್ನು ಒಂದು ಜೀವಮಾನದಲ್ಲಿ ದಾಟಿದ್ದು ನನಗೆ ಥಟ್ಟನೆ ನೆನಪಾಗುವುದಿಲ್ಲ.

3.15 ಮೆಗಾಜೂಲ್ ಲೆಕ್ಕ ನಾನೇ ಹಾಕಿ ನೋಡಬಹುದಾ?

ಖಂಡಿತ. ಪಿಯುಸಿ ಗಣಿತ ಸಾಕು. 17.6 ಎಂಇವಿ ಅಂದರೆ 2.82 ಜೂಲ್‌ಅನ್ನು ಒಂದು ಲಕ್ಷ ಕೋಟಿಯಿಂದ ಭಾಗಿಸಿದಷ್ಟು. ಅದನ್ನು 11,20,000 ಲಕ್ಷ ಕೋಟಿ ನ್ಯೂಟ್ರಾನ್‌ಗಳಿಂದ ಗುಣಿಸಿ. ಸುಮಾರು 3.15 ಮೆಗಾಜೂಲ್ ಬರುತ್ತದೆ.

ಇದು ಎಷ್ಟು ದೊಡ್ಡದು? ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಅಂದರೆ ಆ ಚಾರಿತ್ರಿಕ ಶಾಟ್ ಕೊಟ್ಟಿದ್ದು ಒಂದು ಯೂನಿಟ್‌ಗಿಂತ ಕಡಿಮೆ. ಲೇಸರ್‌ಗಳನ್ನು ತಯಾರು ಮಾಡಲು ಗೋಡೆಯ ಪ್ಲಗ್‌ನಿಂದ ಎಳೆದ ಕರೆಂಟ್ ಸುಮಾರು 300 ಮೆಗಾಜೂಲ್, ಎಂದರೆ 80ಕ್ಕೂ ಹೆಚ್ಚು ಯೂನಿಟ್. ಈ ಎರಡನೇ ಅಂಕಿಯನ್ನೂ ಹೇಳಬೇಕು, ಮುಚ್ಚಿಡಬಾರದು. ಹಾಗಂತ ಮೊದಲನೆಯದು ಚಿಕ್ಕ ಸಾಧನೆ ಅಲ್ಲ. ಡಬ್ಬಿಯೊಳಗೆ ಹೋದ ಬೆಳಕಿಗಿಂತ ಜಾಸ್ತಿ ಶಕ್ತಿ ಉಂಡೆಯಿಂದ ಬಂದದ್ದು ಅದೇ ಮೊದಲು. ಆಮೇಲೆ 2023ರ ಜುಲೈನಲ್ಲಿ 3.88, 2025ರ ಏಪ್ರಿಲ್‌ನಲ್ಲಿ 8.6 ಮೆಗಾಜೂಲ್ ಬಂತು. ಪ್ರತಿ ಸಲವೂ ಎಣಿಸಿದ್ದು ನ್ಯೂಟ್ರಾನನ್ನೇ.

ಗೀಗರ್ ಕೌಂಟರ್ ಇಟ್ಟು ಎಣಿಸಿದರೆ ಆಗಲ್ವಾ?

ಆಗುವುದಿಲ್ಲ. ಗೀಗರ್ ಕೌಂಟರ್ ಒಂದು ಸಲ ಟಿಕ್ ಎಂದ ಮೇಲೆ ಸುಮಾರು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಹೊತ್ತು ಕಿವುಡಾಗಿರುತ್ತದೆ. ನಮ್ಮ ನ್ಯೂಟ್ರಾನ್‌ಗಳೆಲ್ಲ ಅದಕ್ಕಿಂತ ತುಂಬಾ ಕಡಿಮೆ ಹೊತ್ತಿನಲ್ಲಿ ಬಂದು ಹೋಗಿರುತ್ತವೆ. ಒಂದು ನ್ಯೂಟ್ರಾನ್ ಬಂದರೂ ಒಂದು ಟಿಕ್, ಲಕ್ಷ ಬಂದರೂ ಒಂದು ಟಿಕ್. ಅದರ ಜೊತೆಗೆ ಲೇಸರ್ ಬಡಿದಾಗ ಹುಟ್ಟುವ ಎಕ್ಸ್-ರೇ, ವಿದ್ಯುತ್ಕಾಂತೀಯ ಗದ್ದಲ ಬೇರೆ. ಒಂದೊಂದಾಗಿ ಎಣಿಸುವ ದಾರಿ ಇಲ್ಲಿ ಮುಚ್ಚಿದೆ.

ಹಾಗಾದರೆ ಏನು ಮಾಡುವುದು? ಎರಡು ಉಪಾಯ. ಒಂದು, ಎಲ್ಲವನ್ನೂ ಒಟ್ಟಿಗೆ ಒಂದು ಅಲೆಯಾಗಿ ಅಳೆಯುವುದು. ಇನ್ನೊಂದು, ನ್ಯೂಟ್ರಾನ್ ಯಾವುದಾದರೂ ವಸ್ತುವಿನಲ್ಲಿ ಗುರುತು ಬಿಟ್ಟು ಹೋಗಲಿ ಎಂದು ಬಿಟ್ಟು, ಆಮೇಲೆ ನಿಧಾನವಾಗಿ ಆ ಗುರುತನ್ನು ಎಣಿಸುವುದು.

ಒಟ್ಟಿಗೆ ಅಳೆಯುವುದು ಹೇಗೆ?

ಇದಕ್ಕೆ ಟೈಮ್ ಆಫ್ ಫ್ಲೈಟ್ ಅಂತಾರೆ. ಓಡುವ ಸಮಯ ಅಳೆಯುವುದು, ಅಷ್ಟೇ. ಓಟದ ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಹೊರಟರೆ, ಗುರಿ ಮುಟ್ಟಿದ ಹೊತ್ತು ನೋಡಿ ಅವರ ವೇಗ ಹೇಳಬಹುದಲ್ಲ, ಹಾಗೆ.

ಟಾರ್ಗೆಟ್‌ನಿಂದ, ಅಂದರೆ ಲೇಸರ್ ಗುರಿಯಿಟ್ಟ ಉಂಡೆಯಿಂದ, 20 ಮೀಟರ್ ದೂರದಲ್ಲಿ ಒಂದು ಸಿಂಟಿಲೇಟರ್ ಇಡುತ್ತಾರೆ. ಅದು ನ್ಯೂಟ್ರಾನ್ ತಾಗಿದಾಗ ಬೆಳಕು ಮಿನುಗಿಸುವ ಹರಳು ಅಥವಾ ಪ್ಲಾಸ್ಟಿಕ್. ನ್ಯೂಟ್ರಾನ್ ಅದರೊಳಗಿನ ಹೈಡ್ರೋಜನ್ ಬೀಜಕ್ಕೆ ಡಿಕ್ಕಿ ಹೊಡೆಯುತ್ತದೆ. ಕೇರಂ ಸ್ಟ್ರೈಕರ್ ಕಾಯಿಗೆ ಹೊಡೆದ ಹಾಗೆ. ಚಾರ್ಜ್ ಇರುವ ಆ ಬೀಜ ಓಡುತ್ತಾ ಬೆಳಕು ಚೆಲ್ಲುತ್ತದೆ. ಆ ಬೆಳಕನ್ನು ಫೋಟೊಮಲ್ಟಿಪ್ಲೈಯರ್ ಟ್ಯೂಬ್ ಕರೆಂಟ್ ಆಗಿ ಮಾಡುತ್ತದೆ, ಆಸಿಲೊಸ್ಕೋಪ್ ಅದನ್ನು ಬರೆದುಕೊಳ್ಳುತ್ತದೆ.

ಆಸಿಲೊಸ್ಕೋಪ್ ಪರದೆಯ ಮೇಲೆ ಏನು ಕಾಣುತ್ತದೆ ನೋಡಿ. 14.1 ಎಂಇವಿ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 51 ಸಾವಿರ ಕಿಲೋಮೀಟರ್ ಓಡುತ್ತದೆ. 20 ಮೀಟರ್ ದಾಟಲು 390 ನ್ಯಾನೋಸೆಕೆಂಡ್. (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು.) ಮೊದಲು, 67 ನ್ಯಾನೋಸೆಕೆಂಡ್‌ಗೆ, ಬೆಳಕಿನ ವೇಗದಲ್ಲಿ ಬಂದ ಎಕ್ಸ್-ರೇ ಮತ್ತು ಗಾಮಾದ ಒಂದು ಚೂಪು ಗೆರೆ. ಆಮೇಲೆ ಸಪಾಟು. 390ರ ಹತ್ತಿರ ದೊಡ್ಡ ಗುಡ್ಡ. ಇಂಧನದಲ್ಲಿ ಡ್ಯೂಟೀರಿಯಂ ತಾನೇ ತಾನಾಗಿ ಬೆಸೆದದ್ದೂ ಇದ್ದರೆ, 2.45 ಎಂಇವಿ ನ್ಯೂಟ್ರಾನ್‌ಗಳು ನಿಧಾನವಾಗಿ 925 ನ್ಯಾನೋಸೆಕೆಂಡ್‌ಗೆ ಬಂದು ಇನ್ನೊಂದು ಪುಟ್ಟ ಗುಡ್ಡ ಮಾಡುತ್ತವೆ. ಗುಡ್ಡ ಎಲ್ಲಿದೆ ಎಂಬುದು ಯಾವ ನ್ಯೂಟ್ರಾನ್ ಎಂದು ಹೇಳುತ್ತದೆ. ಗುಡ್ಡದ ಒಟ್ಟು ಗಾತ್ರ ಎಷ್ಟು ನ್ಯೂಟ್ರಾನ್ ಎಂದು ಹೇಳುತ್ತದೆ. ಅದರ ಅಗಲ ಇನ್ನೂ ಒಂದು ವಿಷಯ ಹೇಳುತ್ತದೆ.

ಅಗಲ ಏನು ಹೇಳುತ್ತದೆ?

ಉಷ್ಣತೆ! ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಕೋಟಿಗಟ್ಟಲೆ ಡಿಗ್ರಿಯ ಚುಕ್ಕೆಗೆ ಯಾವ ಥರ್ಮಾಮೀಟರ್ ಇಡೋಣ? ಇಡಬೇಕಾಗಿಲ್ಲ. ಬಿಸಿ ಇಂಧನದಲ್ಲಿ ಬೀಜಗಳು ಎಲ್ಲ ದಿಕ್ಕಿಗೂ ಓಡಾಡುತ್ತಿರುತ್ತವೆ. ನಮ್ಮ ಕಡೆ ಓಡಿಬರುತ್ತಿದ್ದ ಜೋಡಿ ಬೆಸೆದರೆ ಆ ನ್ಯೂಟ್ರಾನ್ ಸ್ವಲ್ಪ ಬೇಗ ಬರುತ್ತದೆ. ದೂರ ಹೋಗುತ್ತಿದ್ದ ಜೋಡಿ ಬೆಸೆದರೆ ಸ್ವಲ್ಪ ತಡ. ರೈಲು ನಮ್ಮತ್ತ ಬರುವಾಗ ಅದರ ಕೂಗು ಒಂದು ಥರ, ದಾಟಿ ಹೋದ ಮೇಲೆ ಇನ್ನೊಂದು ಥರ ಕೇಳುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ. ಬಿಸಿ ಜಾಸ್ತಿಯಾದಷ್ಟೂ ಗುಡ್ಡ ಅಗಲವಾಗುತ್ತದೆ.

1973ರಲ್ಲಿ ಬ್ರಿಸ್ಕ್ ಎಂಬ ವಿಜ್ಞಾನಿ ಇದಕ್ಕೆ ಸರಳ ಸೂತ್ರ ಕೊಟ್ಟರು. ಉಷ್ಣತೆಯನ್ನು ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹಿಡಿದು, ಅದರ ವರ್ಗಮೂಲವನ್ನು 177ರಿಂದ ಗುಣಿಸಿ. ಡ್ಯೂಟೀರಿಯಂ-ಟ್ರಿಟಿಯಂ ನ್ಯೂಟ್ರಾನ್‌ಗಳ ಶಕ್ತಿಯ ಹರವು ಸಿಗುತ್ತದೆ, ಅದೂ ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲೇ. ಒಂದು ಲೆಕ್ಕ ಮಾಡೋಣ. ಉಷ್ಣತೆ 5 ಇರಲಿ, ಅಂದರೆ ಸುಮಾರು 5.8 ಕೋಟಿ ಡಿಗ್ರಿ. ಹರವು 396 ಬರುತ್ತದೆ. ಇದು 14.1 ಎಂಇವಿಯ ಶೇ. 2.8. ವೇಗದ ಹರವು ಅದರ ಅರ್ಧ, ಶೇ. 1.4. 390 ನ್ಯಾನೋಸೆಕೆಂಡ್‌ನಲ್ಲಿ ಶೇ. 1.4 ಎಂದರೆ ಐದೂವರೆ ನ್ಯಾನೋಸೆಕೆಂಡ್. ಅಂದರೆ ಅರ್ಧ ಸೆಂಟಿಮೀಟರ್ ದಪ್ಪದಲ್ಲಿ ಹೊರಟ ಆ ನ್ಯೂಟ್ರಾನ್ ಪೊರೆ, 20 ಮೀಟರ್ ಬರುವ ಹೊತ್ತಿಗೆ ಸುಮಾರು 28 ಸೆಂಟಿಮೀಟರ್ ದಪ್ಪ ಆಗಿರುತ್ತದೆ. ಆ ದಪ್ಪವೇ ನಮ್ಮ ಥರ್ಮಾಮೀಟರ್.

ಒಂದು ಎಚ್ಚರ ಬೇಕು. ಇಂಧನ ಸಮವಾಗಿ ಹಿಂಡದೆ ಒಳಗೊಳಗೆ ಸುತ್ತುತ್ತಿದ್ದರೆ, ಆ ಸುತ್ತಾಟವೂ ಗುಡ್ಡವನ್ನು ಅಗಲ ಮಾಡುತ್ತದೆ. ಆಗ ಇರುವುದಕ್ಕಿಂತ ಜಾಸ್ತಿ ಬಿಸಿ ಕಂಡಂತೆ ಆಗುತ್ತದೆ. ಇಡೀ ಚುಕ್ಕೆ ಒಂದು ಕಡೆ ಜಾರಿದ್ದರೆ ಗುಡ್ಡವೇ ಸ್ವಲ್ಪ ಸರಿದಿರುತ್ತದೆ. ಅದಕ್ಕೇ ಬೇರೆ ಬೇರೆ ದಿಕ್ಕಿನಲ್ಲಿ ಹಲವು ಡಿಟೆಕ್ಟರ್ ಇಟ್ಟು ಹೋಲಿಸುತ್ತಾರೆ.

ತಾಮ್ರದ ಬಿಲ್ಲೆ ಇಟ್ಟು ಅಳೆಯುತ್ತಾರಂತೆ, ನಿಜವಾ?

ನಿಜ. ಇದು ಗುರುತು ಬಿಟ್ಟು ಹೋಗುವ ಉಪಾಯ. ಹಳೆಯದು, ನಂಬಿಕೆಯದು.

ತಾಮ್ರದ ಬಿಲ್ಲೆಯನ್ನು ಟಾರ್ಗೆಟ್‌ನಿಂದ ಗೊತ್ತಿರುವ ದೂರದಲ್ಲಿ ಇಡುತ್ತಾರೆ. 14 ಎಂಇವಿ ನ್ಯೂಟ್ರಾನ್ ತಾಮ್ರ-63ರ ಬೀಜಕ್ಕೆ ಬಡಿದರೆ ಅದರಿಂದ ಎರಡು ನ್ಯೂಟ್ರಾನ್ ಹೊರಬೀಳುತ್ತವೆ, ತಾಮ್ರ-62 ಉಳಿಯುತ್ತದೆ. ಇದಕ್ಕೆ ಸುಮಾರು 11 ಎಂಇವಿಗಿಂತ ಜಾಸ್ತಿ ಶಕ್ತಿ ಬೇಕು. ಗೋಡೆಗೆ ಬಡಿದು ಸುಸ್ತಾಗಿ ವಾಪಸ್ ಬಂದ ನ್ಯೂಟ್ರಾನ್‌ಗಳಿಗೆ ಈ ತಾಕತ್ತು ಇಲ್ಲ. ಆದ್ದರಿಂದ ತಾಮ್ರ ಅವುಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಇದು ದೊಡ್ಡ ಅನುಕೂಲ.

ತಾಮ್ರ-62ರ ಅರ್ಧಾಯು (ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) 9.67 ನಿಮಿಷ. ಶಾಟ್ ಆದ ಕೂಡಲೇ ಬಿಲ್ಲೆಯನ್ನು ಹೊರಗೆ ತಂದು ಎಣಿಸುವ ಜಾಗಕ್ಕೆ ಓಡಬೇಕು. 20 ನಿಮಿಷ ತಡ ಮಾಡಿದರೆ ಕಾಲು ಭಾಗವೂ ಉಳಿಯುವುದಿಲ್ಲ. ಬಿಲ್ಲೆಯ ಎರಡೂ ಬದಿಗೆ ಒಂದೊಂದು ಸೋಡಿಯಂ ಅಯೊಡೈಡ್ ಹರಳು ಇಡುತ್ತಾರೆ. ತಾಮ್ರ-62 ಪಾಸಿಟ್ರಾನ್ (ಪ್ಲಸ್ ಚಾರ್ಜಿನ ಎಲೆಕ್ಟ್ರಾನ್) ಬಿಡುತ್ತದೆ, ಅದು ಒಂದು ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಅದರ ಜೊತೆ ಮಾಯವಾಗಿ ಎರಡು ಗಾಮಾ ಕಿರಣಗಳಾಗುತ್ತವೆ. ಅವು ಒಂದಕ್ಕೊಂದು ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಹೊರಡುತ್ತವೆ, ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಎರಡೂ ಹರಳು ಒಂದೇ ಹೊತ್ತಿಗೆ ಮಿನುಗಿದರೆ ಮಾತ್ರ ಲೆಕ್ಕಕ್ಕೆ. ಒಂದೇ ಮಿನುಗಿದರೆ ಬಿಟ್ಟುಬಿಡಿ, ಅದು ಆಕಾಶದಿಂದಲೋ ನೆಲದಿಂದಲೋ ಬಂದ ಬೇರೆ ಯಾವುದೋ ಕಿರಣ ಇರಬಹುದು.

ತಾಮ್ರ-65ರಿಂದ ಹುಟ್ಟುವ ತಾಮ್ರ-64 ಕೂಡ ಪಾಸಿಟ್ರಾನ್ ಬಿಡುತ್ತದೆ. ಅದರ ಅರ್ಧಾಯು 12.7 ಗಂಟೆ. ಹಾಗಾಗಿ ಬರೀ ಒಂದು ಸಲ ಎಣಿಸಿ ಸುಮ್ಮನಾಗುವಂತಿಲ್ಲ. ನಿಮಿಷ ನಿಮಿಷಕ್ಕೂ ಎಣಿಸಿ, ಇಳಿಯುವ ಗೆರೆಯಲ್ಲಿ ಬೇಗ ಇಳಿದದ್ದು ಎಷ್ಟು, ನಿಧಾನವಾಗಿ ಇಳಿದದ್ದು ಎಷ್ಟು ಅಂತ ಬಿಡಿಸಬೇಕು. ಆಮೇಲೆ ಶಾಟ್ ಆದ ಕ್ಷಣಕ್ಕೆ ಹಿಂದೆ ಲೆಕ್ಕ ಹಾಕಬೇಕು.

ಬೇರೆ ಲೋಹಗಳೂ ಇವೆಯಾ?

ಇವೆ. ಎನ್‌ಐಎಫ್‌ನಲ್ಲಿ ಜಿರ್ಕೋನಿಯಂ ನೆಚ್ಚಿನದು. ನ್ಯೂಟ್ರಾನ್ ಬಡಿದ ಮೇಲೆ ಅದರ ಅರ್ಧಾಯು ಸುಮಾರು 78 ಗಂಟೆ, ಹಾಗಾಗಿ ಓಡುವ ಅವಸರ ಇಲ್ಲ. ಅದಕ್ಕೂ 12 ಎಂಇವಿ ಮೇಲೆ ಬೇಕು. ಉಂಡೆಯನ್ನು ಇಡುವ ಚೇಂಬರ್ ಸುತ್ತ ಹತ್ತಾರು ಜಾಗಗಳಲ್ಲಿ ಜಿರ್ಕೋನಿಯಂ ತುಂಡು ಇಟ್ಟಿರುತ್ತಾರೆ. ಒಂದು ಕಡೆ ಕಡಿಮೆ ಬಂದರೆ, ಆ ದಿಕ್ಕಿನಲ್ಲಿ ಇಂಧನ ದಪ್ಪವಾಗಿ ನ್ಯೂಟ್ರಾನ್‌ಗಳನ್ನು ತಡೆದಿದೆ ಎಂದು ಅರ್ಥ. ಉಂಡೆ ಸಮವಾಗಿ ಹಿಂಡಿತೋ ಇಲ್ಲವೋ ಅಂತ ಲೋಹದ ತುಂಡುಗಳೇ ಹೇಳುತ್ತವೆ.

2.45 ಎಂಇವಿ ನ್ಯೂಟ್ರಾನ್‌ಗೆ ತಾಮ್ರವೂ ಜಿರ್ಕೋನಿಯಮ್ಮೂ ಆಗಿಬರುವುದಿಲ್ಲ. ಅಲ್ಲಿ ಇಂಡಿಯಂ. ಅದರ ಅರ್ಧಾಯು ನಾಲ್ಕೂವರೆ ಗಂಟೆ, 336 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ನೋಡಿ ಎಣಿಸುತ್ತಾರೆ. ಬೆಳ್ಳಿಯೂ ಇದೆ. ಬೆಳ್ಳಿ ಹಾಳೆಯನ್ನು ಗೀಗರ್ ಟ್ಯೂಬ್‌ಗೆ ಸುತ್ತಿ, ನ್ಯೂಟ್ರಾನನ್ನು ನಿಧಾನ ಮಾಡಲು ಸುತ್ತಲೂ ಪಾಲಿಥೀನ್ ಗಟ್ಟಿ ಇಡುತ್ತಾರೆ. ಶಾಟ್ ಆದ ಮೇಲೆ ಬೆಳ್ಳಿಯ ವಿಕಿರಣ 24.6 ಸೆಕೆಂಡ್ ಅರ್ಧಾಯುವಿನಲ್ಲಿ ಇಳಿಯುತ್ತದೆ, ಗೀಗರ್ ಆರಾಮವಾಗಿ ಟಿಕ್ ಟಿಕ್ ಎಣಿಸುತ್ತದೆ. ನೇರವಾಗಿ ಎಣಿಸಲಾರದ ಗೀಗರ್ ಇಲ್ಲಿ ಹಿಂಬಾಗಿಲಿಂದ ಕೆಲಸಕ್ಕೆ ಬರುತ್ತದೆ.

ಕನ್ನಡಕದ ಪ್ಲಾಸ್ಟಿಕ್‌ನಲ್ಲಿ ಅಳೆಯುತ್ತಾರೆ ಎಂದು ಓದಿದ ನೆನಪು.

ಸರಿಯಾಗೇ ಓದಿದ್ದೀರಿ. ಅದು ಸಿಆರ್-39, ಕನ್ನಡಕದ ಲೆನ್ಸ್‌ಗೆ ಬಳಸುವ ಪ್ಲಾಸ್ಟಿಕ್. ಚಾರ್ಜ್ ಇರುವ ಕಣ ಅದರೊಳಗೆ ಹೋದರೆ ದಾರಿಯುದ್ದಕ್ಕೂ ಪ್ಲಾಸ್ಟಿಕ್ಕಿನ ಕೊಂಡಿಗಳು ಮುರಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಗಂಟೆಗಟ್ಟಲೆ ನೆನೆಸಿದರೆ ಮುರಿದ ಜಾಗ ಬೇಗ ಕೊರೆದು ಪುಟ್ಟ ಗುಂಡಿ ಬೀಳುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಗುಂಡಿ ಎಣಿಸುತ್ತಾರೆ. ಎಕ್ಸ್-ರೇ, ವಿದ್ಯುತ್ ಗದ್ದಲ ಯಾವುದೂ ಇದಕ್ಕೆ ತಟ್ಟುವುದಿಲ್ಲ.

ಎಂಐಟಿಯ ತಂಡ ಕಟ್ಟಿದ ಒಂದು ಉಪಕರಣ ಒಮೆಗಾ, ಎನ್‌ಐಎಫ್ ಎರಡರಲ್ಲೂ ಇದೆ. ಟಾರ್ಗೆಟ್ ಹತ್ತಿರ ಒಂದು ತೆಳು ಪ್ಲಾಸ್ಟಿಕ್ ಹಾಳೆ. ನ್ಯೂಟ್ರಾನ್ ಅದರಿಂದ ಪ್ರೋಟಾನ್ ಅಥವಾ ಡ್ಯೂಟೆರಾನ್ (ಡ್ಯೂಟೀರಿಯಂ ಬೀಜ) ಒಂದನ್ನು ಒದ್ದು ಹೊರಗೆ ಹಾಕುತ್ತದೆ. ಮುಂದೆ ದೊಡ್ಡ ಅಯಸ್ಕಾಂತ ಅವನ್ನು ಬಾಗಿಸುತ್ತದೆ. ಜಾಸ್ತಿ ಶಕ್ತಿಯವು ಕಡಿಮೆ ಬಾಗುತ್ತವೆ, ಕಡಿಮೆ ಶಕ್ತಿಯವು ಜಾಸ್ತಿ. ಎಲ್ಲಿ ಬಿದ್ದವೋ ಅಲ್ಲಿ ಸಿಆರ್-39 ಕಾದಿರುತ್ತದೆ.

ಇಂಧನ ಎಷ್ಟು ಒತ್ತಾಗಿ ಹಿಂಡಿತು ಅಂತಲೂ ನ್ಯೂಟ್ರಾನ್ ಹೇಳುತ್ತದಾ?

ಹೇಳುತ್ತದೆ. ಹೊರಬರುವಾಗ ಕೆಲವು ನ್ಯೂಟ್ರಾನ್‌ಗಳು ಇಂಧನಕ್ಕೇ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತವೆ. ಒತ್ತಾದಷ್ಟೂ ಡಿಕ್ಕಿ ಜಾಸ್ತಿ. 10ರಿಂದ 12 ಎಂಇವಿಗೆ ಇಳಿದವನ್ನು, 13ರಿಂದ 15ರಲ್ಲಿ ಉಳಿದವುಗಳಿಂದ ಭಾಗಿಸಿ. ಆ ಅನುಪಾತ ಶೇ. 5 ಬಂದರೆ, ಸುತ್ತಲಿನ ಇಂಧನ ಚದರ ಸೆಂಟಿಮೀಟರಿಗೆ ಸುಮಾರು 1 ಗ್ರಾಂ ಇದೆ ಎಂದು ಅರ್ಥ.

ನ್ಯೂಟ್ರಾನ್‌ನಿಂದ ಫೋಟೋ ತೆಗೆಯಬಹುದಾ?

ತೆಗೆಯುತ್ತಾರೆ. ಹಳೇ ಪಿನ್‌ಹೋಲ್ ಕ್ಯಾಮೆರಾದ ತತ್ವವೇ. ಆದರೆ ನ್ಯೂಟ್ರಾನನ್ನು ತಡೆಯಲು ರಟ್ಟು ಸಾಲದು, ದಪ್ಪ ಚಿನ್ನದ ಗಟ್ಟಿಯಲ್ಲಿ ಸೂಕ್ಷ್ಮ ತೂತುಗಳನ್ನು ಮಾಡಿರುತ್ತಾರೆ. ಕ್ಯಾಮೆರಾ 28 ಮೀಟರ್ ದೂರದಲ್ಲಿ. ಫೋಟೋದಲ್ಲಿ ಕಾಣುವ ಚುಕ್ಕೆ ನಿಜದಲ್ಲಿ ಕೂದಲೆಳೆಯ ದಪ್ಪದಷ್ಟೇ. ದುಂಡಗಿದ್ದರೆ ಒಳ್ಳೆಯದು. ಇಡ್ಲಿಯಂತೆ ಚಪ್ಪಟೆಯಾಗಿದ್ದರೆ ಹಿಂಡುವುದರಲ್ಲಿ ಎಲ್ಲೋ ತಪ್ಪಾಗಿದೆ.

ಮೇಜಿನ ಮೇಲಿಡುವ ಚಿಕ್ಕ ಲೇಸರ್‌ನಿಂದ ಆಗುವುದಿಲ್ಲವಾ?

ಆಗುತ್ತದೆ. 1999ರಲ್ಲಿ ಲಿವರ್‌ಮೋರ್‌ನಲ್ಲೇ ಟಾಡ್ ಡಿಟ್‌ಮೈರ್ ತಂಡ ಇದನ್ನು ಮಾಡಿ ತೋರಿಸಿತು. ಡ್ಯೂಟೀರಿಯಂ ಅನಿಲವನ್ನು ಸಣ್ಣ ಗೊಂಚಲುಗಳಾಗಿ ಚಿಮ್ಮಿಸಿ, ಅವುಗಳ ಮೇಲೆ 35 ಫೆಮ್ಟೋಸೆಕೆಂಡ್‌ನ ಪುಟ್ಟ ಲೇಸರ್ ಮಿಡಿತ ಬಿಟ್ಟರು. (ಒಂದು ಫೆಮ್ಟೋಸೆಕೆಂಡ್ ಎಂದರೆ ನ್ಯಾನೋಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು.) ಗೊಂಚಲುಗಳು ಸಿಡಿದು, ಚೂರುಗಳು ಒಂದಕ್ಕೊಂದು ಬಡಿದು, ಪ್ರತಿ ಶಾಟ್‌ಗೆ ಸುಮಾರು 10,000 ನ್ಯೂಟ್ರಾನ್ ಬಂದವು. ಶಕ್ತಿ ಉತ್ಪಾದನೆಗೆ ಇದು ದಾರಿಯಲ್ಲ. ಆದರೆ ಒಂದು ಕೋಣೆಯಲ್ಲಿ ಹಿಡಿಸುವ ನ್ಯೂಟ್ರಾನ್ ಮೂಲ ಆಯಿತು.

ಇನ್ನೊಂದು ದಾರಿಯಲ್ಲಿ ಲೇಸರ್ ಒಂದು ತೆಳು ಹಾಳೆಗೆ ಬಡಿಯುತ್ತದೆ, ಅದರಿಂದ ಚಿಮ್ಮಿದ ಅಯಾನುಗಳು ಮುಂದಿನ ಬೆರಿಲಿಯಂ ಅಥವಾ ಲಿಥಿಯಂ ಗಟ್ಟಿಗೆ ಬಡಿದು ನ್ಯೂಟ್ರಾನ್ ಎಬ್ಬಿಸುತ್ತವೆ. ಇಲ್ಲಿ ನ್ಯೂಟ್ರಾನ್‌ಗಳು ಮುಂದಕ್ಕೇ ಜಾಸ್ತಿ ಹೋಗುತ್ತವೆ. ದಪ್ಪ ವಸ್ತುಗಳ ಒಳಗನ್ನು ನೋಡಲು ಇದು ಉಪಯೋಗಕ್ಕೆ ಬರಬಹುದು.

ನ್ಯೂಟ್ರಾನ್ ಬಂದರೆ ಫ್ಯೂಷನ್ ಆಗಿದೆ ಎಂದೇ ಅರ್ಥವಾ?

ಇಲ್ಲ. ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು, ಏಕೆಂದರೆ ಇಲ್ಲೇ ದೊಡ್ಡವರು ಎಡವಿದ್ದಾರೆ.

1958ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ವೆಲ್ ಅಣು ಸಂಶೋಧನಾ ಕೇಂದ್ರದವರು ತಮ್ಮ ಝೀಟಾ ಯಂತ್ರದಲ್ಲಿ ಡ್ಯೂಟೀರಿಯಂ ನ್ಯೂಟ್ರಾನ್ ಬಂದಿವೆ, ಬಿಸಿಯಿಂದಾದ ಫ್ಯೂಷನ್ ಬಹುಶಃ ಸಿಕ್ಕಿದೆ ಎಂದು ಪ್ರಕಟಿಸಿದರು. ಪತ್ರಿಕೆಗಳು ಸಂಭ್ರಮಿಸಿದವು. ಅದರಲ್ಲಿ ಲೇಸರ್ ಇರಲಿಲ್ಲ, ಆದರೆ ಪಾಠ ನಮಗೂ ಒಂದೇ. ಆಮೇಲೆ ನ್ಯೂಟ್ರಾನ್‌ಗಳ ಶಕ್ತಿಯನ್ನು ಎರಡು ಎದುರು ದಿಕ್ಕುಗಳಲ್ಲಿ ಅಳೆದು ನೋಡಿದರು. ಒಂದೇ ಆಗಿರಲಿಲ್ಲ. ಇಡೀ ಅನಿಲ ಬಿಸಿಯಾಗಿ ಬೆಸೆದಿದ್ದರೆ ಎಲ್ಲ ದಿಕ್ಕಿಗೂ ಒಂದೇ ಥರ ಬರಬೇಕಿತ್ತು. ಅಲ್ಲಿ ನಿಜವಾಗಿ ನಡೆದದ್ದು ಕೆಲವೇ ಅಯಾನುಗಳು ಒಂದು ದಿಕ್ಕಿಗೆ ವೇಗವಾಗಿ ಓಡಿ ಉಳಿದವಕ್ಕೆ ಬಡಿದದ್ದು. ಮೇ ತಿಂಗಳಲ್ಲಿ ಹೇಳಿಕೆಯನ್ನು ವಾಪಸ್ ತೆಗೆದುಕೊಂಡರು. ತಪ್ಪನ್ನು ತಾವೇ ಅಳೆದು, ತಾವೇ ಒಪ್ಪಿಕೊಂಡ ಅವರ ಬಗ್ಗೆ ನನಗೆ ಗೌರವ ಇದೆ.

1989ರಲ್ಲಿ ಅಮೆರಿಕದ ಯೂಟಾದಿಂದ ಬಂದ ತಣ್ಣನೆ ಫ್ಯೂಷನ್ (ಕೋಣೆಯ ಬಿಸಿಯಲ್ಲೇ ಬೆಸುಗೆಯಾಗಿ ಶಾಖ ಬಂತು ಎಂಬ) ಸುದ್ದಿಯೂ ನ್ಯೂಟ್ರಾನ್ ಮುಂದೆ ನಿಲ್ಲಲಿಲ್ಲ. ಅಷ್ಟು ಶಾಖ ಡ್ಯೂಟೀರಿಯಂ ಬೆಸುಗೆಯಿಂದಲೇ ಬಂದಿದ್ದರೆ, ಪಕ್ಕದಲ್ಲಿ ನಿಂತವರು ಬದುಕಿ ಉಳಿಯಲಾರದಷ್ಟು ನ್ಯೂಟ್ರಾನ್ ಬರಬೇಕಿತ್ತು.

ಹಾಗಾಗಿ ಯಾರಾದರೂ ಫ್ಯೂಷನ್ ಮಾಡಿದೆವು ಎಂದರೆ ನಾನು ಕೇಳುವುದು ಇಷ್ಟು. ಎಷ್ಟು ನ್ಯೂಟ್ರಾನ್? ಯಾವ ಶಕ್ತಿಯವು? ಎಲ್ಲ ದಿಕ್ಕಿಗೂ ಸಮವಾಗಿ ಬಂದವಾ? ಒಂದಕ್ಕೊಂದು ಸಂಬಂಧ ಇಲ್ಲದ ಎಷ್ಟು ಉಪಕರಣಗಳು ಒಂದೇ ಉತ್ತರ ಕೊಟ್ಟವು? ತಾಮ್ರದ ಬಿಲ್ಲೆ, ಪ್ಲಾಸ್ಟಿಕ್ಕಿನ ಗುಂಡಿ, ಆಸಿಲೊಸ್ಕೋಪಿನ ಗುಡ್ಡ ಮೂರೂ ತಪ್ಪು ಮಾಡುವ ರೀತಿ ಬೇರೆ ಬೇರೆ. ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು.

ಡಿಟೆಕ್ಟರ್ ಸರಿ ಹೇಳುತ್ತಿದೆ ಎಂದು ಮೊದಲು ಗೊತ್ತಾಗುವುದು ಹೇಗೆ?

ಕಣಗಳಿಗೆ ವೇಗ ಕೊಡುವ ಚಿಕ್ಕ ಆಕ್ಸಿಲರೇಟರ್‌ನಲ್ಲಿ ಡ್ಯೂಟೆರಾನ್‌ಗಳನ್ನು ಟ್ರಿಟಿಯಂ ಇರುವ ಹಾಳೆಗೆ ಹೊಡೆಯುತ್ತಾರೆ. ಪ್ರತಿ ನ್ಯೂಟ್ರಾನ್ ಜೊತೆಗೂ ಒಂದು ಹೀಲಿಯಂ ಬೀಜ ಹುಟ್ಟುತ್ತದೆ. ಚಾರ್ಜ್ ಇರುವ ಹೀಲಿಯಂ ಅನ್ನು ಒಂದೊಂದಾಗಿ ಎಣಿಸುವುದು ಸುಲಭ. ಅವಳಿಗಳಲ್ಲಿ ಒಬ್ಬರನ್ನು ಎಣಿಸಿದರೆ ಇನ್ನೊಬ್ಬರ ಲೆಕ್ಕ ಸಿಕ್ಕಿತಲ್ಲ. ಆ ನ್ಯೂಟ್ರಾನ್‌ಗಳ ಮುಂದೆ ತಾಮ್ರ, ಜಿರ್ಕೋನಿಯಂ ಇಟ್ಟು, ಎಷ್ಟಕ್ಕೆ ಎಷ್ಟು ಎಂದು ಬರೆದುಕೊಳ್ಳುತ್ತಾರೆ.

ಶಾಟ್ ಆಗುವಾಗ ಜನ ಎಲ್ಲಿರುತ್ತಾರೆ?

ದೂರ, ಕಂಟ್ರೋಲ್ ರೂಮಿನಲ್ಲಿ. ಎನ್‌ಐಎಫ್ ಚೇಂಬರ್ ಇರುವ ಹಾಲ್‌ನ ಕಾಂಕ್ರೀಟ್ ಗೋಡೆ ಸುಮಾರು 6 ಅಡಿ ದಪ್ಪ. ದೊಡ್ಡ ಶಾಟ್ ಆದ ಮೇಲೆ ಕೂಡಲೇ ಒಳಗೆ ಹೋಗುವಂತಿಲ್ಲ. ಚೇಂಬರ್‌ನ ಅಲ್ಯೂಮಿನಿಯಂ ನ್ಯೂಟ್ರಾನ್ ಬಡಿದು ಸೋಡಿಯಂ-24 ಆಗಿರುತ್ತದೆ, ಅದು 15 ಗಂಟೆಗೆ ಅರ್ಧ ಆಗುತ್ತದೆ. ಇಳಿಯುವವರೆಗೆ ಕಾಯಲೇಬೇಕು.

ಇದರಲ್ಲಿ ಭಾರತ ಎಲ್ಲಿದೆ?

ಎನ್‌ಐಎಫ್‌ನಷ್ಟು ದೊಡ್ಡ ಲೇಸರ್ ನಮ್ಮಲ್ಲಿಲ್ಲ. ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದಲ್ಲಿ, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಬಲವಾದ ಲೇಸರ್‌ಗಳಿವೆ, ಲೇಸರ್ ಪ್ಲಾಸ್ಮಾದ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಇಂದೋರ್ ಕೇಂದ್ರಕ್ಕೆ ಹೆಸರು ಕೊಟ್ಟ ರಾಮಣ್ಣ ನಮ್ಮ ತುಮಕೂರಿನಲ್ಲಿ ಹುಟ್ಟಿದವರು. ಆಕ್ಸಿಲರೇಟರ್‌ನಿಂದ 14 ಎಂಇವಿ ನ್ಯೂಟ್ರಾನ್ ಕೊಡುವ ಯಂತ್ರಗಳು ಟ್ರಾಂಬೆಯಲ್ಲೂ ಗಾಂಧಿನಗರದಲ್ಲೂ ಇವೆ. ಅಳೆಯುವ ಕಲೆ ಕಲಿಯಲು ಅಷ್ಟು ಸಾಕು.

1955ರಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ನಡೆದ ಜಿನೀವಾ ಸಮ್ಮೇಳನದಲ್ಲಿ ಅಧ್ಯಕ್ಷರಾಗಿದ್ದ ಹೋಮಿ ಭಾಭಾ, ಇನ್ನು ಎರಡು ದಶಕದಲ್ಲಿ ಫ್ಯೂಷನ್ ಶಕ್ತಿಯನ್ನು ಹತೋಟಿಗೆ ತರುವ ದಾರಿ ಸಿಗುತ್ತದೆ ಎಂದಿದ್ದರು. ಯುದ್ಧದ ವರ್ಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದವರು ಅವರು. ಕಾಲದ ಅಂದಾಜು ತಪ್ಪಿತು. ಇನ್ನೊಂದು ನಂಟೂ ಇದೆ: 1970ರ ದಶಕದ ಕೊನೆಗೆ ಲಿವರ್‌ಮೋರ್‌ನವರು ಕಟ್ಟಿದ 20 ಕಿರಣಗಳ ಲೇಸರ್‌ಗೆ ಶಿವ ಎಂದೇ ಹೆಸರಿಟ್ಟಿದ್ದರು, ಅನೇಕ ಕೈಗಳಿರುವ ದೇವರೆಂದು.

ನಾನು ಎಂಎಸ್ಸಿ ವಿದ್ಯಾರ್ಥಿ. ಇದನ್ನು ಕೈಯಿಂದ ಮಾಡಿ ಕಲಿಯಲು ದಾರಿ ಇದೆಯಾ?

ನಿಮ್ಮ ವಿಭಾಗದಲ್ಲಿ ನ್ಯೂಟ್ರಾನ್ ಮೂಲ ಇದೆಯಾ ಕೇಳಿ. ಅನೇಕ ಕಡೆ ಮೇಣ ತುಂಬಿದ ಡ್ರಮ್ಮಿನಲ್ಲಿ ಅಮೆರಿಸಿಯಂ-ಬೆರಿಲಿಯಂ ಮೂಲ ಇರುತ್ತದೆ. ಮೇಷ್ಟ್ರ ಜೊತೆಯಲ್ಲೇ ಮಾಡಿ, ಒಬ್ಬರೇ ಮುಟ್ಟಬೇಡಿ. ನಾನು ಕಲಿತದ್ದು ಹಾಗೇ. ಉಗುರಿನಷ್ಟು ಇಂಡಿಯಂ ಹಾಳೆಯನ್ನು ಹಿಂದಿನ ದಿನ ಡ್ರಮ್ಮಿಗೆ ಇಳಿಸಿದ್ದೆವು. ಬೆಳಗ್ಗೆ ಚಿಮಟದಲ್ಲಿ ಎತ್ತಿ, ಗೀಗರ್ ಟ್ಯೂಬ್ ಕೆಳಗೆ ಇಟ್ಟು, ಸ್ಟಾಪ್‌ವಾಚ್ ಒತ್ತಿದೆವು. ನಿಧಾನವಾದ ನ್ಯೂಟ್ರಾನ್ ಹಿಡಿದ ಇಂಡಿಯಂ 54 ನಿಮಿಷಕ್ಕೆ ಅರ್ಧ ಆಗುತ್ತದೆ. ಐದೈದು ನಿಮಿಷಕ್ಕೆ ಎಣಿಕೆ ಬರೆದುಕೊಂಡು, ಹಾಳೆ ಇಲ್ಲದಾಗಿನ ಎಣಿಕೆಯನ್ನು ಕಳೆದು, ಸೆಮಿಲಾಗ್ ಕಾಗದದ ಮೇಲೆ ಚುಕ್ಕೆ ಇಟ್ಟೆವು. ಚುಕ್ಕೆಗಳು ಗೆರೆಯ ಮೇಲೂ ಕೆಳಗೂ ಕುಣಿಯುತ್ತಿದ್ದವು. 100 ಎಣಿಸಿದರೆ ಶೇ. 10 ಆಚೀಚೆ, 10,000 ಎಣಿಸಿದರೆ ಶೇ. 1. ಅದು ಆವತ್ತು ಕಣ್ಣಿಗೆ ಕಂಡಿತು.

ನಮ್ಮ ಉತ್ತರ 56 ನಿಮಿಷ ಬಂತು. ಎರಡು ನಿಮಿಷ ಎಲ್ಲಿ ಜಾರಿತು ಅಂತ ಹುಡುಕಲು ಇಡೀ ಮಧ್ಯಾಹ್ನ ಕೂತೆವು. ನೀವೂ ಹಾಗೆ ಕೂರಿ. ಹಾಳೆ ಒಂದೇ ಜಾಗದಲ್ಲಿ ಇಟ್ಟಿದ್ದಿರಾ, ಹಾಳೆ ಇಲ್ಲದಾಗಿನ ಎಣಿಕೆಯನ್ನು ಸಾಕಷ್ಟು ಹೊತ್ತು ತೆಗೆದಿದ್ದಿರಾ, ಮೊದಲಿಗೆ ಎಣಿಕೆ ಜೋರಾಗಿದ್ದಾಗ ಗೀಗರ್ ಕೆಲವು ಟಿಕ್ ತಪ್ಪಿಸಿತಾ, ಇವನ್ನು ಒಂದೊಂದಾಗಿ ನೋಡಿ.